ಸ್ಪೀಕರ್ ಕೇಬಲ್‌ಗೆ ಎಷ್ಟು ಹಣ ಹಾಕಬೇಕು?

ಹೊಸದಾಗಿ ಮನೆ ಕಟ್ಟಿಸುತ್ತಿರುವ ಸ್ನೇಹಿತರು ಹೋಮ್ ಥಿಯೇಟರ್‌ನ ಕೊಟೇಶನ್ ತಂದು ತೋರಿಸಿದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ‘ಸ್ಪೀಕರ್ ಕೇಬಲ್’ ಎಂದು ಬರೆದಿರುವ ಸಾಲಿನ ಕಡೆಗೆ. ರಿಸೀವರ್ (ಧ್ವನಿಯನ್ನು ವರ್ಧಿಸಿ ಸ್ಪೀಕರ್‌ಗಳಿಗೆ ಕಳಿಸುವ ಪೆಟ್ಟಿಗೆ), ಸ್ಪೀಕರ್, ಬಾಸ್‌ಗೆಂದೇ ಇರುವ ಸಬ್‌ವೂಫರ್‌ಗಳ ಬೆಲೆಯನ್ನು ಚೌಕಾಸಿ ಮಾಡಿ ಇಳಿಸಿಕೊಂಡವರೂ ಆ ಒಂದು ಸಾಲಿನ ದುಬಾರಿ ಬೆಲೆಯ ಮುಂದೆ ಸುಮ್ಮನಾಗಿರುತ್ತಾರೆ. “ಇಷ್ಟು ಒಳ್ಳೇ ಸ್ಪೀಕರ್ ತಗೊಂಡು ಮಾಮೂಲಿ ವೈರ್ ಹಾಕ್ತೀರಾ ಸಾರ್?” ಎಂದು ಅಂಗಡಿಯವರು ಕೇಳಿದರೆ ಏನು ಹೇಳಬೇಕೆಂದು ಅವರಿಗೆ ತೋಚಿರುವುದಿಲ್ಲ. ಹಾಕಬಹುದು, ಧೈರ್ಯವಾಗಿ ಹಾಕಬಹುದು, ಆದರೆ ವೈರ್ ಸಾಕಷ್ಟು ದಪ್ಪವಾಗಿರಬೇಕು ಮತ್ತು ಅಪ್ಪಟ ತಾಮ್ರದ್ದಾಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ರಿಸೀವರ್‌ನಿಂದ ಸ್ಪೀಕರ್‌ಗೆ ಹೋಗುವ ವಿದ್ಯುತ್ತಿಗೆ ತಂತಿಯು ಒಡ್ಡುವ ಅಡ್ಡಿಯಲ್ಲಿ ಮನೆಯೊಳಗಿನ ದೂರಕ್ಕೆ ಲೆಕ್ಕಕ್ಕೆ ಬರುವುದು ಬಹುಮಟ್ಟಿಗೆ ಅದರ ರೋಧ ಮಾತ್ರ. ಆ ರೋಧವನ್ನು ನಿರ್ಧರಿಸುವುದು ತಂತಿಯ ಉದ್ದ, ದಪ್ಪ ಮತ್ತು ಲೋಹ. ಐಎಸ್ 8130 ಎಂಬ ಭಾರತೀಯ ಮಾನದಂಡದ ಪ್ರಕಾರ 2.5 ಚದರ ಮಿಲಿಮೀಟರಿನ, ಬಳುಕುವ ಸಣ್ಣ ಎಳೆಗಳ ತಾಮ್ರದ ವೈರ್ ಒಂದು ಕಿಲೋಮೀಟರಿಗೆ 7.98 ಓಮ್‌ಗಿಂತ (ಓಮ್ ಎಂದರೆ ರೋಧದ ಅಳತೆ) ಹೆಚ್ಚಿನ ರೋಧ ತೋರುವಂತಿಲ್ಲ. ರಿಸೀವರ್‌ನಿಂದ ಸ್ಪೀಕರ್‌ಗೆ 10 ಮೀಟರ್ ದೂರವಿದೆ ಎಂದಿಟ್ಟುಕೊಂಡರೆ, ಹೋಗಿಬರುವ ಹಾದಿ 20 ಮೀಟರ್ ಆಗುತ್ತದೆ ಮತ್ತು ರೋಧ ಸುಮಾರು 0.16 ಓಮ್ ಆಗುತ್ತದೆ. 8 ಓಮ್ ಸ್ಪೀಕರ್‌ನಲ್ಲಿ ಇದರಿಂದ ಆಗುವ ನಷ್ಟ ಸುಮಾರು 0.17 ಡೆಸಿಬೆಲ್ (ಶಬ್ದದ ಮಟ್ಟದ ಅಳತೆ). ಇಂದಿನ ಬಹುತೇಕ ರಿಸೀವರ್‌ಗಳಲ್ಲಿ ವಾಲ್ಯೂಮ್ ಒಂದು ಹೆಜ್ಜೆ ಏರಿಸಿದರೇ ಅರ್ಧ ಡೆಸಿಬೆಲ್ ಹೆಚ್ಚುತ್ತದೆ ಎಂಬುದನ್ನು ನೆನೆದರೆ, ಹತ್ತಾರು ಸಾವಿರ ರೂಪಾಯಿ ಕೊಟ್ಟು ನಾವು ಉಳಿಸಿಕೊಳ್ಳಲು ಹೊರಟಿರುವುದು ಎಷ್ಟೆಂದು ತಿಳಿಯುತ್ತದೆ.

ಕೇಬಲ್‌ನಿಂದ ಯಾವ ವ್ಯತ್ಯಾಸವೂ ಆಗದು ಎಂದು ವಾದಿಸುವವರ ಜೊತೆಗೂ ನಾನಿಲ್ಲ. ಅಗ್ಗದ ಸೆಟ್‌ಗಳ ಡಬ್ಬಿಯೊಳಗೆ ಬರುವ ದಾರದಂಥ ವೈರ್‌ಗಳನ್ನು ಕೋಣೆಯ ಹಿಂಬದಿಯ ಸ್ಪೀಕರ್‌ಗಳವರೆಗೆ ಎಳೆದರೆ ನಿಜವಾಗಿಯೂ ತೊಂದರೆಯಾಗುತ್ತದೆ. 0.75 ಚದರ ಮಿಲಿಮೀಟರಿನ ವೈರನ್ನು ಅದೇ 10 ಮೀಟರ್ ದೂರಕ್ಕೆ ಬಳಸಿದರೆ ರೋಧ ಅರ್ಧ ಓಮ್ ದಾಟುತ್ತದೆ. 4 ಓಮ್ ಸ್ಪೀಕರ್ ಇದ್ದರೆ ಒಂದು ಡೆಸಿಬೆಲ್‌ನಷ್ಟು ಶಬ್ದ ತಂತಿಯಲ್ಲೇ ಕಳೆದುಹೋಗುತ್ತದೆ. ಸ್ಪೀಕರ್‌ನ ಇಂಪಿಡೆನ್ಸ್ (ಅದು ವಿದ್ಯುತ್ತಿಗೆ ಒಡ್ಡುವ ಒಟ್ಟು ಅಡ್ಡಿ, 4 ಓಮ್, 8 ಓಮ್ ಎನ್ನುವುದು ಇದನ್ನೇ) ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲವಾದ್ದರಿಂದ ಆ ನಷ್ಟವೂ ಸಮವಾಗಿ ಹಂಚಿಹೋಗದೆ ಧ್ವನಿಯ ಬಣ್ಣವನ್ನೇ ಸ್ವಲ್ಪ ಬದಲಿಸುತ್ತದೆ. ತಂತಿಯ ಒಟ್ಟು ರೋಧ ಸ್ಪೀಕರ್‌ನ ಇಂಪಿಡೆನ್ಸಿನ ಶೇಕಡಾ 5ನ್ನು ಮೀರಬಾರದು ಎಂಬುದು ಹಳೆಯ, ಒಳ್ಳೆಯ ನಿಯಮ. ಈ ಲೆಕ್ಕದಲ್ಲಿ 2.5 ಚದರ ಮಿಲಿಮೀಟರಿನ ವೈರ್ 8 ಓಮ್ ಸ್ಪೀಕರ್‌ಗೆ 25 ಮೀಟರ್ ದೂರದವರೆಗೂ, 4 ಓಮ್ ಸ್ಪೀಕರ್‌ಗೆ 12 ಮೀಟರ್‌ವರೆಗೂ ಸಾಕಾಗುತ್ತದೆ. ನಮ್ಮ ಎಷ್ಟು ಮನೆಗಳ ಹಾಲ್ ಅದಕ್ಕಿಂತ ಉದ್ದವಿದೆ?

ನನ್ನನ್ನು ನಿಜವಾಗಿ ಚಿಂತೆಗೀಡುಮಾಡುವುದು ತಾಮ್ರದ ಹೆಸರಿನಲ್ಲಿ ಮಾರಾಟವಾಗುವ, ಒಳಗೆ ಅಲ್ಯೂಮಿನಿಯಂ ಇದ್ದು ಮೇಲೆ ತಾಮ್ರದ ತೆಳು ಲೇಪವಿರುವ ಸಿಸಿಎ ವೈರ್. ಅಲ್ಯೂಮಿನಿಯಂನ ರೋಧ ತಾಮ್ರದ ಒಂದೂವರೆ ಪಟ್ಟಿಗೂ ಹೆಚ್ಚು, ಬಗ್ಗಿಸಿದರೆ ಎಳೆಗಳು ಬೇಗ ತುಂಡಾಗುತ್ತವೆ. ಪಾರದರ್ಶಕ ಹೊದಿಕೆಯ ದಪ್ಪ ಕೇಬಲ್ ಎಂದಮಾತ್ರಕ್ಕೆ ನಂಬಬೇಡಿ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ತಾಮ್ರದ ಬಣ್ಣದ ಕೆಳಗೆ ಬೆಳ್ಳಗೆ ಹೊಳೆದರೆ ಅದು ಅಪ್ಪಟ ತಾಮ್ರವಲ್ಲ. ಕಲಾಯಿ ಮಾಡಿದ ತಾಮ್ರದಲ್ಲಿ ಇದು ತಿರುವುಮುರುವು, ಹೊರಗೆ ಬಿಳಿ, ಒಳಗೆ ಕೆಂಪು. ಅದನ್ನು ಬಳಸಬಹುದು.

ದುಬಾರಿ ಕೇಬಲ್‌ಗಳ ಪರವಾಗಿ ಹೇಳುವ ಮಾತುಗಳಲ್ಲಿ ಅರ್ಧ ಸತ್ಯಗಳೇ ಹೆಚ್ಚು. ಬೆಳ್ಳಿಯ ರೋಧ ತಾಮ್ರಕ್ಕಿಂತ ಕಡಿಮೆ ಎಂಬುದು ನಿಜ, ಆದರೆ ಅಂತರ ಶೇಕಡಾ 5ರಿಂದ 6ರಷ್ಟು ಮಾತ್ರ, ತಾಮ್ರವನ್ನೇ ಕೊಂಚ ದಪ್ಪ ತೆಗೆದುಕೊಂಡರೆ ಅದು ತುಂಬಿಹೋಗುತ್ತದೆ. ಕೇಬಲ್ ಮೇಲೆ ಬಾಣದ ಗುರುತು ಹಾಕಿ ದಿಕ್ಕು ತೋರಿಸುವುದುಂಟು. ಸ್ಪೀಕರ್‌ಗೆ ಹೋಗುವುದು ಸೆಕೆಂಡಿಗೆ ನೂರಾರು, ಸಾವಿರಾರು ಬಾರಿ ಹಿಂದಕ್ಕೂ ಮುಂದಕ್ಕೂ ಹರಿಯುವ ಪರ್ಯಾಯ ವಿದ್ಯುತ್ ಆಗಿರುವಾಗ ಅದಕ್ಕೆ ದಿಕ್ಕು ಎಲ್ಲಿಂದ ಬರಬೇಕು? ಎಡ ಬಲದ ಕೇಬಲ್‌ಗಳು ಒಂದೇ ಉದ್ದವಿರಬೇಕೆಂದು ಹೆಚ್ಚುವರಿ ವೈರನ್ನು ಸುರುಳಿ ಸುತ್ತಿಸುವವರೂ ಇದ್ದಾರೆ. 10 ಮೀಟರ್ ಹೆಚ್ಚಿನ ತಂತಿ ತರುವ ವಿಳಂಬ ಸುಮಾರು 50 ನ್ಯಾನೋಸೆಕೆಂಡ್, ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗವನ್ನೂ ಕ್ರಮಿಸಿರುವುದಿಲ್ಲ. ಸೋಫಾದಲ್ಲಿ ಒರಗಿ ಕುಳಿತವರು ತಲೆ ಅಲುಗಿಸಿದರೆ ಆಗುವ ವ್ಯತ್ಯಾಸ ಇದರ ಸಾವಿರ ಪಟ್ಟು.

ಇದು ಇಂದು ನಿನ್ನೆಯ ವಾದವಲ್ಲ. ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆ 1983ರಲ್ಲೇ ದುಬಾರಿ ಕೇಬಲನ್ನೂ ದೀಪಕ್ಕೆ ಬಳಸುವ 16 ಗೇಜಿನ (ಸುಮಾರು 1.3 ಚದರ ಮಿಲಿಮೀಟರಿನ) ಸಾಧಾರಣ ವೈರನ್ನೂ ಕೇಳುಗರಿಗೆ ತೋರಿಸದೆ ಹೋಲಿಸಿ ಕೇಳಿಸಿತ್ತು. ಸಂಗೀತ ಕೇಳಿಸಿದಾಗ ಅವೆರಡನ್ನು ಬೇರ್ಪಡಿಸಿ ಹೇಳಲು ಅವರಿಗೆ ಆಗಲಿಲ್ಲ. 2007ರಲ್ಲಿ, ಇಂಥ ದಾವೆಗಳನ್ನು ಪರೀಕ್ಷೆಗೆ ಒಡ್ಡುತ್ತಿದ್ದ ಜಾದೂಗಾರ ಜೇಮ್ಸ್ ರ‍್ಯಾಂಡಿ, ಪೇರ್ ಕೇಬಲ್ ಕಂಪನಿಯ 7,250 ಡಾಲರ್ ಬೆಲೆಯ 12 ಅಡಿಯ ಜೋಡಿಯನ್ನು ಸಾಧಾರಣ ಕೇಬಲ್‌ನಿಂದ ಕಿವಿಯಿಂದಲೇ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಸವಾಲು ಹಾಕಿದರು. ಕಂಪನಿ ಹಿಂದೆ ಸರಿಯಿತು, ಪರೀಕ್ಷೆ ನಡೆಯಲಿಲ್ಲ. ನಡೆಯದ ಪರೀಕ್ಷೆ ಏನನ್ನೂ ಸಾಬೀತು ಮಾಡುವುದಿಲ್ಲವಾದ್ದರಿಂದ ನಾನು ಹೆಚ್ಚು ತೂಕ ಕೊಡುವುದು ಮೊದಲನೆಯದಕ್ಕೇ.

ಕೇಬಲ್ ಬದಲಿಸಿದ ಮೇಲೆ ಹಾಡು ಹೆಚ್ಚು ಸ್ಪಷ್ಟವಾಗಿ ಕೇಳಿಸಿತು ಎನ್ನುವವರು ಸುಳ್ಳು ಹೇಳುತ್ತಿದ್ದಾರೆಂದು ನಾನು ಭಾವಿಸುವುದಿಲ್ಲ. ಹೊಸದನ್ನು ಜೋಡಿಸಿದ ದಿನ ನಾವು ಹೆಚ್ಚು ಗಮನವಿಟ್ಟು ಕೇಳುತ್ತೇವೆ, ವಾಲ್ಯೂಮ್ ಕೂದಲೆಳೆಯಷ್ಟು ಹೆಚ್ಚಿದ್ದರೂ ಅದು ಉತ್ತಮ ಧ್ವನಿಯೆಂದೇ ಮನಸ್ಸಿಗೆ ತೋರುತ್ತದೆ, ಹಳೆಯ ಧ್ವನಿಯ ನಿಖರ ನೆನಪು ಪ್ಲಗ್ ಬದಲಿಸುವಷ್ಟರಲ್ಲಿ ಮಾಸಿರುತ್ತದೆ. ಮನೆಯವರೊಬ್ಬರು ಯಾವ ಕೇಬಲ್ ಎಂದು ಹೇಳದೆ ಬದಲಿಸುತ್ತಾ ಹೋಗಲಿ, ನೀವು ಕೇಳಿ ಬರೆದುಕೊಳ್ಳಿ, ನಿಮ್ಮ ಕಿವಿಯೇ ತೀರ್ಪು ಕೊಡಲಿ.

ಉಳಿದ ಹಣಕ್ಕೆ ಅದಕ್ಕಿಂತ ದೊಡ್ಡ ಕೆಲಸ ಕೋಣೆಯಲ್ಲೇ ಕಾದಿದೆ. ನಮ್ಮ ಈಗಿನ ಮನೆಗಳಲ್ಲಿ ನೆಲಕ್ಕೆ ವಿಟ್ರಿಫೈಡ್ ಟೈಲ್ಸ್ ಅಥವಾ ಗ್ರಾನೈಟ್, ಮೇಲೆ ಆರ್‌ಸಿಸಿ ತಾರಸಿ, ಒಂದು ಬದಿಗೆ ಉದ್ದನೆಯ ಗಾಜಿನ ಕಿಟಕಿ, ಉಳಿದ ಕಡೆ ಬರಿಯ ಗೋಡೆ. ಚಪ್ಪಾಳೆ ತಟ್ಟಿದರೆ ಝಣಝಣ ಪ್ರತಿಧ್ವನಿಸುವ ಅಂಥ ಕೋಣೆಯಲ್ಲಿ ಸಿನಿಮಾದ ಸಂಭಾಷಣೆ ಅರ್ಥವಾಗದಿದ್ದರೆ ತಪ್ಪು ಕೇಬಲ್‌ನದಲ್ಲ. 4 ಮೀಟರ್ ಉದ್ದದ ಕೋಣೆಯಲ್ಲಿ ಸುಮಾರು 43 ಹರ್ಟ್ಸ್‌ನ ಬಾಸ್ ಎದುರುಬದುರು ಗೋಡೆಗಳ ನಡುವೆ ಸಿಕ್ಕಿಕೊಂಡು ಒಂದು ಆಸನದಲ್ಲಿ ಗುಡುಗಿ ಇನ್ನೊಂದರಲ್ಲಿ ಮಾಯವಾಗುತ್ತದೆ, ಏರುಪೇರು ಹತ್ತು ಡೆಸಿಬೆಲ್ ದಾಟುವುದು ಅಪರೂಪವಲ್ಲ. ಕೇಬಲ್‌ನ 0.17 ಡೆಸಿಬೆಲ್ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಸ್ಪೀಕರ್‌ಗಳ ಮುಂದಿನ ನೆಲಕ್ಕೆ ದಪ್ಪ ಜಮಖಾನ, ಗಾಜಿಗೆ ಭಾರವಾದ ಪರದೆ, ಸ್ಪೀಕರ್‌ನ ಧ್ವನಿ ಮೊದಲು ಬಡಿದು ಮರಳುವ ಗೋಡೆಗೆ ಶಬ್ದ ಹೀರುವ ರಾಕ್‌ವೂಲ್ ಪ್ಯಾನೆಲ್, ಸಬ್‌ವೂಫರ್‌ಗೆ ಸರಿಯಾದ ಜಾಗ, ರಿಸೀವರ್ ಜೊತೆ ಬರುವ ಮೈಕ್‌ನಿಂದ ಕೋಣೆಗೆ ತಕ್ಕಂತೆ ಧ್ವನಿ ಹೊಂದಿಸಲು ತಾಳ್ಮೆಯಿಂದ ಮಾಡಿದ ಕ್ಯಾಲಿಬ್ರೇಶನ್, ಇವುಗಳಿಂದ ಆಗುವ ಬದಲಾವಣೆಯನ್ನು ಗುರುತಿಸಲು ಪಳಗಿದ ಕಿವಿ ಬೇಕಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಪ್ಪಟ ತಾಮ್ರದ ಸ್ಪೀಕರ್ ವೈರ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಸಿಗದ ಊರಿನಲ್ಲಿ ಐಎಸ್‌ಐ ಗುರುತಿನ 2.5 ಚದರ ಮಿಲಿಮೀಟರಿನ ಹೌಸ್ ವೈರಿಂಗ್ ವೈರನ್ನೇ ಕೆಂಪು ಒಂದು, ಕಪ್ಪು ಒಂದು ತೆಗೆದುಕೊಂಡು ಜೊತೆಯಾಗಿ ಹೊಸೆದು ಬಳಸಿದರೂ ನಡೆಯುತ್ತದೆ. ಪ್ಲಾಸ್ಟರಿಂಗ್ ಆಗುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಸ್ಪೀಕರ್‌ಗಳಿಗೆ ಪ್ರತ್ಯೇಕ ಪಿವಿಸಿ ಪೈಪ್ ಹಾಕಿಸಿಕೊಳ್ಳಿ, ಕರೆಂಟ್ ವೈರ್‌ಗಳ ಪೈಪಿನಲ್ಲೇ ಅವನ್ನು ತೂರಿಸಲು ಬಿಡಬೇಡಿ. ಚಾವಣಿಯ ಸ್ಪೀಕರ್‌ಗಳನ್ನು ಈಗ ಕೊಳ್ಳದಿದ್ದರೂ ಅವಕ್ಕೂ ಪೈಪ್ ಇರಲಿ, ಆಮೇಲೆ ಗೋಡೆ ಒಡೆಸುವ ಖರ್ಚು ತಪ್ಪುತ್ತದೆ.