ಹರ್ನಿಯಾ ಅಂತ ಹೇಳಿಕೊಂಡ ಭಾವ

ಹದಿನಾಲ್ಕು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ಒಬ್ಬರೂ ನನ್ನ ಹೊಟ್ಟೆ ಬಗ್ಗೆ ಮಾತೆತ್ತಿದ್ದಿಲ್ಲ. ಮೊನ್ನೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಲ್ಲಿ ಇಳಿದು ಬ್ಯಾಗು ಕೆಳಗಿಟ್ಟಿರಲಿಲ್ಲ, ಪರಿಚಯದವರೊಬ್ಬರು "ಏನು ಮಾರಾಯಾ, ಈ ಪಾಟಿ ಊದಿದ್ದೀಯಲ್ಲ" ಅಂದರು. ಸಿಟ್ಟು ಬರಲಿಲ್ಲ. ಐದೂವರೆ ಅಡಿಗೆ 88 ಕೆಜಿ, ಬಿಎಂಐ ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ 31, ಊದಿದ್ದು ನಿಜಾನೇ.

ಇಷ್ಟು ಬಾಯಿಬಿಚ್ಚಿ ಮಾತಾಡುವ ಊರಲ್ಲಿ ನಮ್ಮ ಭಾವ ಬೆಂಗಳೂರಿಗೆ ಹೋಗಿ ತೂಕ ಇಳಿಸುವ ಆಪರೇಶನ್ ಮಾಡಿಸಿಕೊಂಡು ಬಂದದ್ದು ಮಾತ್ರ ಗುಟ್ಟು. ಕೇಳಿದವರಿಗೆಲ್ಲ ಹರ್ನಿಯಾ ಅಂದಿದ್ದಾರೆ. ಅವರೇನು ಭಾರಿ ದಪ್ಪ ಇರಲಿಲ್ಲ, ಬಿಎಂಐ 32. ಆದರೆ ಸಕ್ಕರೆ ಕಾಯಿಲೆ ಯಾವ ಮಾತ್ರೆಗೂ ಬಗ್ಗುತ್ತಿರಲಿಲ್ಲ. ಜಠರದ ಮುಕ್ಕಾಲು ಪಾಲು ತೆಗೆದು, ಉಳಿದದ್ದನ್ನು ಬಾಳೆಹಣ್ಣಿನ ಆಕಾರದ ಕೊಳವೆ ಮಾಡಿದ್ದಾರೆ. "ತೋಟಕ್ಕೆ ಇಳಿದಿದ್ದರೆ ತಾನೇ ಕರಗುತ್ತಿತ್ತು" ಅಂತ ಅಕ್ಕನ ಮಾವ ಈಗಲೂ ಗೊಣಗುತ್ತಾರೆ. ತೋಟಕ್ಕೂ ಬೈಕಲ್ಲೇ ಹೋಗುವ ಕಾಲ ಇದು, ಬಿಡಿ.

ಈ ಆಪರೇಶನ್ ಯಾರಿಗೆ ಮಾಡಬಹುದು ಅನ್ನೋದಕ್ಕೆ ಅಮೆರಿಕದಲ್ಲಿ 1991ರಲ್ಲಿ ಹಾಕಿದ ಗೆರೆ ಹೀಗಿತ್ತು: ಬಿಎಂಐ 40 ಇರಬೇಕು, ಜೊತೆಗೆ ದೊಡ್ಡ ಕಾಯಿಲೆ ಇದ್ದರೆ 35 ಸಾಕು. 2022ರಲ್ಲಿ ಸರ್ಜನ್‌ಗಳ ಸಂಘಗಳೇ ಅದನ್ನು ಇಳಿಸಿದವು. ಸಕ್ಕರೆ ಕಾಯಿಲೆ ಇದ್ದರೆ 30, ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದು ಅಂದವು, ಯಾಕೆಂದರೆ ನಮ್ಮವರಿಗೆ ಕೊಬ್ಬು ಹೊಟ್ಟೆಯೊಳಗೇ ಕೂರುತ್ತೆ, ಸಕ್ಕರೆಯೂ ಕಡಿಮೆ ತೂಕಕ್ಕೇ ಬರುತ್ತೆ. ಆದರೆ ನಮ್ಮ ದೇಶದ ಆರೋಗ್ಯ ವಿಮೆಯ ನಿಯಮದಲ್ಲಿ ಇನ್ನೂ ಅದೇ 40, 35. ಭಾವ ಅಡಿಕೆ ದುಡ್ಡನ್ನೇ ಸುರಿದರು. ಯಾರಿಗೆ ಬೇಗ ಬೇಕೋ ಅವರಿಗೇ ಕಾಯುತ್ತಾ ಕೂರು ಅನ್ನೋದು ಯಾವ ಲೆಕ್ಕ?

ನ್ಯೂಜೆರ್ಸಿಯ ಡಾಕ್ಟರು ನನ್ನ ಮುಂದೆ ಆಪರೇಶನ್, ವಾರಕ್ಕೊಂದು ಇಂಜೆಕ್ಷನ್, ಡಯಟ್ ಎಲ್ಲವನ್ನೂ ಮೆನು ಕಾರ್ಡ್ ಥರ ಹರಡಿದರು. ನನಗೆ ಸಕ್ಕರೆಯಿಲ್ಲ, ಬಿಪಿಯಿಲ್ಲ. ಸುಮ್ನೆ ಅಂಗಿ ಗುಂಡಿ ಕೂರಲಿ ಅಂತ ಹೊಟ್ಟೆ ಕೊಯ್ಯಿಸಿಕೊಳ್ಳೋದು ನನಗೆ ಒಪ್ಪಿಗೆಯಿಲ್ಲ. ಭಾವನದ್ದು ಬೇರೆ ಕಥೆ. ಬಿ12, ಕಬ್ಬಿಣಾಂಶದ ಮಾತ್ರೆ ಜೀವನಪೂರ್ತಿ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಬೇರೆ. ಅದೆಲ್ಲ ಅವರು ತಪ್ಪದೆ ಮಾಡುತ್ತಾರೆ.

ಕಷ್ಟ ಇರೋದು ಪಂಕ್ತಿಯಲ್ಲಿ. ಅಮೆರಿಕದಲ್ಲಾದರೆ ತಟ್ಟೆಯಲ್ಲಿ ಬಿಟ್ಟರೂ ಯಾರೂ ಕೇಳಲ್ಲ. ಕೊಪ್ಪದ ಮದುವೆಯಲ್ಲಿ ನಾನು ಭಾವನ ಪಕ್ಕಕ್ಕೇ ಕೂತಿದ್ದೆ. ಎರಡು ತುತ್ತು ಚಿತ್ರಾನ್ನ ತಿನ್ನುವುದಕ್ಕೇ ಹತ್ತು ನಿಮಿಷ ತಗೊಂಡಿದ್ದರು. ಹೋಳಿಗೆ ಬಂತು. ಭಾವ ಎರಡೂ ಕೈ ಎಲೆಗೆ ಅಡ್ಡ ಹಿಡಿದರು. "ಹರ್ನಿಯಾದವರಿಗೆ ಹೋಳಿಗೆ ಏನು ಮಾಡುತ್ತೆ ಭಾವಾ, ಹಾಕಿಸ್ಕೊಳಿ" ಅಂತ ಬಡಿಸುವ ಹುಡುಗ ಬೆರಳ ಸಂದಿಯಲ್ಲೇ ಒಂದು ಇಳಿಬಿಟ್ಟ. ಹಿಂದೆಯೇ ತುಪ್ಪ. ಭಾವ ನನ್ನ ಮುಖ ನೋಡಿದರು, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು, ಉಳಿದದ್ದರ ಮೇಲೆ ಮೆಲ್ಲಗೆ ಅನ್ನ ಮುಚ್ಚಿದರು.