ಮದುವೆ ಮ್ಯಾಗಜೀನ್ ಹುಡುಗಿಯ ಕೈಯಲ್ಲೇ ಇರಲಿ

ಮದುವೆ ಗೊತ್ತಾದ ಹುಡುಗಿ ಬ್ರೈಡಲ್ ಮ್ಯಾಗಜೀನ್ ಕೊಂಡು ತಂದರೆ ಮನೆಯಲ್ಲಿ ಮೊದಲು ಬರುವ ಮಾತು "ಸುಮ್ನೆ ದುಡ್ಡು ದಂಡ". ನಾನು ಇದನ್ನು ಒಪ್ಪುವುದಿಲ್ಲ. ಅದನ್ನು ನೋಡಿಕೊಂಡು ನಮ್ಮೂರಲ್ಲಿ ಮದುವೆ ಮಾಡೋಕೆ ಆಗಲ್ಲ, ನಿಜ. ಆದರೂ ಹುಡುಗಿಗೆ ಅದು ಬೇಕು. ತನ್ನ ಮದುವೆಯಲ್ಲಿ ತನಗೇನು ಬೇಕು ಅಂತ ಬಾಯಿಬಿಟ್ಟು ಹೇಳೋಕೆ ಬೇಕು.

ನಮ್ಮ ಚಿಕ್ಕಮಗಳೂರು ಕಡೆ ಮದುವೆ ಹೇಗೆ ನಡೆಯುತ್ತದೆ ನೋಡಿ. ಮುಹೂರ್ತ ಜೋಯಿಸರು ಹೇಳುತ್ತಾರೆ. ಛತ್ರ ಅಪ್ಪ ನೋಡುತ್ತಾರೆ. ಅಡುಗೆಯವರನ್ನು ದೊಡ್ಡಪ್ಪ ಗೊತ್ತು ಮಾಡುತ್ತಾರೆ. ಒಡವೆ ಅಮ್ಮನ ಲೆಕ್ಕ, ಧಾರೆ ಸೀರೆ ಗಂಡಿನ ಕಡೆಯವರದು. ಬೀಗರ ಔತಣಕ್ಕೆ ಎಷ್ಟು ಕುರಿ ಅನ್ನುವುದರ ಬಗ್ಗೆ ಇಡೀ ಊರು ಮಾತಾಡುತ್ತದೆ. ಹುಡುಗಿಯನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ಕೇಳಿದರೂ "ಬ್ಲೌಸ್ ಹೊಲಿಯೋಕೆ ಕೊಟ್ಯಾ?" ಅಷ್ಟೇ.

ನಮ್ಮ ಚಿಕ್ಕಮ್ಮನ ಮಗಳ ಮದುವೆ ಮೂಡಿಗೆರೆಯಲ್ಲಿ ಆಯಿತು. ಅವಳು ತಂದಿದ್ದು ಎರಡು ಸಂಚಿಕೆ. ಒಂದರಲ್ಲಿ ಬ್ಲೌಸಿನ ಚಿತ್ರ ಇಷ್ಟವಾಯಿತು. ಹೊಲಿಯುವ ಅಕ್ಕನಿಗೆ ತೋರಿಸಿದಳು. ಅವರು ನೋಡಿದ ತಕ್ಷಣ, "ಇದು ನೆಟ್ ಬಟ್ಟೆ ಕಣಮ್ಮ, ನಿಂದು ರೇಷ್ಮೆ. ತೋಳು ಹೀಗೆ ನಿಲ್ಲಲ್ಲ. ಬೆನ್ನಿನ ಡಿಸೈನ್ ಇದೇ ಮಾಡ್ಕೊಡ್ತೀನಿ, ಆರಿ ವರ್ಕು ತೋಳಿಗೆ ಹಾಕೋಣ" ಎಂದರು. ಕೆಲಸ ಮುಗಿಯಿತು. ಚಿತ್ರ ಇಲ್ಲದಿದ್ದರೆ ಇಷ್ಟನ್ನು ಬಾಯಲ್ಲಿ ವಿವರಿಸೋಕೆ ಆಗುತ್ತಿತ್ತಾ?

ಇನ್ನೊಂದು ಚಿತ್ರ ನನಗೆ ಇದಕ್ಕಿಂತ ಮುಖ್ಯ. ನಮ್ಮ ಹುಡುಗಿ ಎಣ್ಣೆಗೆಂಪು ಬಣ್ಣದವಳು. ಮದುವೆ ಮೇಕಪ್ ಅಂದರೆ ಮುಖವನ್ನು ಬೆಳ್ಳಗೆ ಮಾಡುವುದು ಅಂತಲೇ ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಮುಖ ಒಂದು ಬಣ್ಣ, ಕೈ ಇನ್ನೊಂದು ಬಣ್ಣ. ಆಲ್ಬಮ್ಮಿನಲ್ಲಿ ಮಗಳನ್ನು ಅಮ್ಮನೇ ಗುರುತು ಹಿಡಿಯಬಾರದು, ಹಾಗೆ ಮಾಡಿಟ್ಟಿರುತ್ತಾರೆ. ಆ ಸಂಚಿಕೆಯ ಒಂದು ಪುಟದಲ್ಲಿ ಕಪ್ಪು ಬಣ್ಣದ ಮದುಮಗಳೊಬ್ಬಳ ಫೋಟೊ ಇತ್ತು. ತನ್ನದೇ ಬಣ್ಣ, ಕಣ್ಣಿಗೆ ಕಾಡಿಗೆ, ಹಣೆಗೆ ಕುಂಕುಮ. ಇವಳು ಆ ಪುಟವನ್ನು ಮಡಿಸಿಟ್ಟುಕೊಂಡು ಮೇಕಪ್ ಮಾಡುವವರಿಗೂ, ತನ್ನ ಅಮ್ಮನಿಗೂ, ಅತ್ತೆಯಾಗುವವರಿಗೂ ತೋರಿಸಿದಳು. "ನನ್ನ ಬಣ್ಣ ಹೀಗೇ ಇರಲಿ" ಎಂದಳು. ಬರೀ ಮಾತಲ್ಲಿ ಹೇಳಿದ್ದರೆ "ನಿಂಗೇನು ಗೊತ್ತಾಗುತ್ತೆ ಸುಮ್ನಿರು" ಅನ್ನುತ್ತಿದ್ದರು. ಅಚ್ಚಾದ ಚಿತ್ರ ನೋಡಿದ ಮೇಲೆ ಯಾರೂ ಹಾಗೆ ಅನ್ನಲಿಲ್ಲ. ಧಾರೆ ಮಂಟಪದಲ್ಲಿ ಅವಳು ಅವಳ ಹಾಗೇ ಇದ್ದಳು. ಎಷ್ಟು ಚೆನ್ನಾಗಿ ಕಂಡಳು ಅಂತ ಹೇಳೋಕೆ ನನಗೆ ಈಗಲೂ ಖುಷಿ.

ಆದರೆ ಪ್ಲಾನಿಂಗ್ ಪುಟಗಳನ್ನು ಮಾತ್ರ ನಂಬಿ ಕೂರಬೇಡಿ. ಹನ್ನೆರಡು ತಿಂಗಳ ಮುಂಚಿನಿಂದ ಪಟ್ಟಿ ಕೊಡುತ್ತಾರೆ. ನಮ್ಮಲ್ಲಿ ಹೆಣ್ಣು ನೋಡಿ ಒಪ್ಪಿಗೆಯಾದ ಮೂರು ತಿಂಗಳಿಗೆ ಮದುವೆ ಮುಗಿದಿರುತ್ತದೆ. ಆ ಪುಸ್ತಕಗಳಲ್ಲಿ ಡಿಸೆಂಬರ್ ಅಂದರೆ ಒಳ್ಳೆ ಸೀಸನ್, ಚಳಿಗೆ ವೆಲ್ವೆಟ್ ಲೆಹೆಂಗಾ, ಬಯಲಲ್ಲಿ ದೀಪ. ಅದು ಉತ್ತರದ ಕಡೆಯ ಲೆಕ್ಕ. ಮಲೆನಾಡಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಮೊದಲು ಅರೇಬಿಕಾ, ಆಮೇಲೆ ರೋಬಸ್ಟಾ. ಆಳು ಸಿಗಲ್ಲ, ಕಣದಲ್ಲಿ ಕಾಫಿ ಹರಡಿರುತ್ತದೆ, ಮನೆಯವರಿಗೆ ಊಟಕ್ಕೂ ಪುರುಸೊತ್ತಿರಲ್ಲ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ಧನುರ್ಮಾಸ ಬೇರೆ. ಆಷಾಢದಲ್ಲಿ ಮುಹೂರ್ತ ಇಲ್ಲ, ಆ ಮಳೆಗೆ ಮೂಡಿಗೆರೆ, ಕೊಪ್ಪದ ರಸ್ತೆಯಲ್ಲಿ ನೆಂಟರು ಬರುವುದೂ ಕಷ್ಟ. ಹಾಗಾಗಿ ನಮ್ಮ ಮದುವೆಗಳು ಜಾಸ್ತಿ ಏಪ್ರಿಲ್, ಮೇ ತಿಂಗಳಲ್ಲಿ. ಆಗ ಸಂಜೆ ಗುಡುಗು ಮಳೆ ಬರುತ್ತದೆ. ಸ್ಟೇಜು ಬಯಲಲ್ಲಿ ಹಾಕಿಸುವವರು ಮೊದಲು ಮೇಲೆ ಶೀಟ್ ಹಾಕಿಸುವ ಖರ್ಚು ಕೇಳಿಕೊಳ್ಳಿ.

ಇಂಥ ಪತ್ರಿಕೆಗಳು ಹುಟ್ಟಿದ್ದು ಹೇಗೆ ಅಂತ ತಿಳಿದರೆ ಉಳಿದದ್ದು ತಾನಾಗೇ ಅರ್ಥವಾಗುತ್ತದೆ. ಅಮೆರಿಕದ 'ಬ್ರೈಡ್ಸ್' 1934ರಲ್ಲಿ ಶುರುವಾದಾಗ ಮದುವೆ ಗೊತ್ತಾದ ಹುಡುಗಿಯರಿಗೆ ಅದನ್ನು ಪುಕ್ಕಟೆ ಕಳಿಸುತ್ತಿದ್ದರು. ದುಡ್ಡು ಜಾಹೀರಾತಿನಿಂದ ಬರುತ್ತಿತ್ತು. 2019ರಲ್ಲಿ ಅದರ ಮಾಮೂಲಿ ಅಚ್ಚು ನಿಂತು ಅದು ಅಂತರ್ಜಾಲಕ್ಕೆ ಹೋಯಿತು. ಜಾಹೀರಾತಿನ ದುಡ್ಡಲ್ಲಿ ನಡೆಯುವ ಪತ್ರಿಕೆಯಲ್ಲಿ ಮಾರುವ ವಸ್ತುವಿಗೆ ಪುಟ ಜಾಸ್ತಿ. ನಮ್ಮ ಮೂಡಿಗೆರೆಯ ಸಾಹಿತಿ ತೇಜಸ್ವಿಯವರ ಮದುವೆ 1966ರಲ್ಲಿ ಮಂತ್ರಮಾಂಗಲ್ಯದಲ್ಲಿ, ಅಂದರೆ ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ನಡೆಯಿತು. ಆ ಪದ್ಧತಿಯನ್ನು ರೂಪಿಸಿದ್ದು ಅವರ ತಂದೆ ಕುವೆಂಪು. ಈಗಲೂ ಹಾಗೆ ಸರಳವಾಗಿ ಮದುವೆಯಾಗುವವರಿದ್ದಾರೆ. ಅಂಥ ಹುಡುಗಿಗೆ ಈ ಪತ್ರಿಕೆಗಳಲ್ಲಿ ಒಂದು ಪುಟವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಅಲ್ಲಿ ಮಾರೋಕೆ ಏನಿದೆ ಹೇಳಿ.

ಒಡವೆಯ ಪುಟಗಳನ್ನು ನೋಡಿ ಆಸೆಪಡಿ, ತಪ್ಪಿಲ್ಲ. ಅಂಗಡಿಗೆ ಹೋದಾಗ ನೋಡಬೇಕಾದ್ದು ಬೇರೆ. 22 ಕ್ಯಾರೆಟ್ ಅಂದರೆ 916, ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ, ಅಂಕಿಗಳ ಎಚ್‌ಯುಐಡಿ, ಅಂದರೆ ಆ ಒಡವೆಯದೇ ಗುರುತಿನ ಸಂಖ್ಯೆ ಇರಬೇಕು. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ರೇಷ್ಮೆ ಸೀರೆಗೆ ಸಿಲ್ಕ್ ಮಾರ್ಕ್ ಚೀಟಿ ಕೇಳಿ. ಛತ್ರದವರು ಬಾಡಿಗೆ ಒಂದನ್ನೇ ಹೇಳಿದರೆ ಕರೆಂಟು, ಕ್ಲೀನಿಂಗ್, ಜನರೇಟರ್ ಡೀಸೆಲ್ ಒಳಗೋ ಹೊರಗೋ ಅಂತ ಬರೆಸಿಕೊಳ್ಳಿ. ಅಡುಗೆಯವರು ಎಲೆ ಲೆಕ್ಕ ಹೇಳಿದರೆ ಬೆಳಗಿನ ತಿಂಡಿಯ ಎಲೆ ಬೇರೆಯಾ ಅಂತ ಕೇಳಿ.

ಆ ಸಂಚಿಕೆಗಳಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ಕೊನೆಯಲ್ಲಿದ್ದ ಬಜೆಟ್ ಪುಟ. ಬರೀ ಖಾಲಿ ಕಾಲಂಗಳು. ಚಿಕ್ಕಪ್ಪನನ್ನು ಕೂರಿಸಿಕೊಂಡು ಹುಡುಗಿಯೇ ಅದನ್ನು ತುಂಬಿಸಿದಳು. ಚಪ್ಪರ, ಬಳೆ ಶಾಸ್ತ್ರ, ತಾಂಬೂಲದ ಚೀಲ ಎಲ್ಲ ಅವಳೇ ಸೇರಿಸಿಕೊಂಡಳು, ಅಚ್ಚಿನಲ್ಲಿ ಅವು ಇರಲಿಲ್ಲ. ಎಷ್ಟು ಕೈಸಾಲ ಅನ್ನುವುದು ಅವಳಿಗೆ ಗೊತ್ತಾಗಿದ್ದು ಆವತ್ತೇ. ಮಗಳಿಗೆ ಇದೆಲ್ಲ ಯಾಕೆ ಹೇಳೋದು ಅಂತ ಚಿಕ್ಕಪ್ಪ ಹಿಂಜರಿದರು. ಅವಳು ಬಿಡಲಿಲ್ಲ. ಡ್ರೋನ್ ಬೇಡ ಎಂದಳು. ರಿಸೆಪ್ಷನ್ ಸ್ಟೇಜಿನ ಹೂವು ಅರ್ಧಕ್ಕರ್ಧ ಕಡಿಮೆ ಮಾಡಿಸಿದಳು. ಮೇಕಪ್ಪಿನ ದುಡ್ಡು ಮಾತ್ರ ಮುಟ್ಟಲಿಲ್ಲ, ಅದು ತನಗೆ ಬೇಕೇ ಬೇಕು ಎಂದಳು. ಚಿಕ್ಕಪ್ಪ ಒಪ್ಪಿದರು.

ಆ ಎರಡು ಸಂಚಿಕೆ ಈಗ ನನ್ನ ಹತ್ತಿರ ಇವೆ. ಈ ಸಲ ಮದುವೆ ಇರುವ ಹುಡುಗಿಯರು ಯಾರಾದರೂ ಚಿಕ್ಕಮಗಳೂರಲ್ಲಿದ್ದರೆ ಹೇಳಿ, ಕೊಡುತ್ತೇನೆ. ಬಜೆಟ್ ಪುಟವನ್ನು ಮಾತ್ರ ಜೆರಾಕ್ಸ್ ಮಾಡಿಸಿಕೊಂಡು ತುಂಬಿಸಿ, ಮುಂದಿನವರಿಗೂ ಬೇಕಾಗುತ್ತದೆ.