ಚಾರ್ಲ್ಸ್ ರಾಯರ ಎಣ್ಣೆ ಶಾಸ್ತ್ರ

ಅಂತೂ ಬಿಲ್ಲು ಬಂತು. 2023ರ ಮೇ 6ರಂದು ಮೂರನೇ ಚಾರ್ಲ್ಸ್ ರಾಯರಿಗೆ ಪಟ್ಟ ಕಟ್ಟಿದರಲ್ಲ, ಅದಕ್ಕೆ ಸರ್ಕಾರದ ಬೊಕ್ಕಸದಿಂದ ಹೋದದ್ದು 7.2 ಕೋಟಿ ಪೌಂಡ್ ಎಂದು ಲಂಡನ್ನಿನ ಇಲಾಖೆಗಳು 2024ರ ನವೆಂಬರಿನಲ್ಲಿ ಬಾಯಿಬಿಟ್ಟವು. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 770 ಕೋಟಿ ರೂಪಾಯಿ. ಊಟವಾಗಿ ಹದಿನೆಂಟು ತಿಂಗಳಾದ ಮೇಲೆ ಲೆಕ್ಕ ಕೊಡುವ ಅಡುಗೆ ಕಂಟ್ರಾಕ್ಟರು ನಿಮ್ಮ ಕಡೆ ಯಾರಾದರೂ ಇದ್ದರೆ ದಯವಿಟ್ಟು ನಂಬರು ಕಳಿಸಿ. ನಮ್ಮ ಕಡೆಯವರು ಎರಡನೇ ಪಂಕ್ತಿ ಏಳುವ ಮುಂಚೆಯೇ ಚೀಟಿ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ.

ಖರ್ಚಾಗಲಿ, ಸಂಭ್ರಮ ಅಂದಮೇಲೆ ಖರ್ಚು ಇದ್ದದ್ದೇ. ನನಗೆ ಅರ್ಥವಾಗದ್ದು ಬೇರೆ. 2022ರ ಸೆಪ್ಟೆಂಬರ್ 8ರಂದು ಅಮ್ಮ ಕಣ್ಣು ಮುಚ್ಚಿದ ಗಳಿಗೆಯಲ್ಲೇ ರಾಯರು ರಾಜರಾಗಿಬಿಟ್ಟಿದ್ದರು. ಕಾನೂನಿಗೆ ಎಣ್ಣೆಯೂ ಬೇಡ, ಕಿರೀಟವೂ ಬೇಡ. ರಿಜಿಸ್ಟರ್ ಮದುವೆಯಾಗಿ ಎಂಟು ತಿಂಗಳು ಸಂಸಾರ ಮಾಡಿದವರು ಆಮೇಲೆ ಊರನ್ನೆಲ್ಲ ಕರೆದು ಧಾರೆ ಎರೆಸಿಕೊಂಡ ಹಾಗಾಯಿತು. ಇವರ ದೊಡ್ಡಜ್ಜ ಎಂಟನೇ ಎಡ್ವರ್ಡ್ ಪಟ್ಟಾಭಿಷೇಕವೇ ಇಲ್ಲದೆ 326 ದಿನ ರಾಜರಾಗಿದ್ದು, ಪ್ರೀತಿಸಿದವಳಿಗಾಗಿ ಎದ್ದು ಹೋದರು. 1937ರ ಮೇ 12 ಎಂದು ಆಗಲೇ ದಿನ ಗೊತ್ತಾಗಿತ್ತು, ಅವರ ಮುಖ ಅಚ್ಚು ಹಾಕಿದ ಲೋಟಗಳು ಅಂಗಡಿಗೆ ಬಂದಿದ್ದವು. ಏನು ಮಾಡಿದರು? ಅದೇ ದಿನ, ಅದೇ ಜಾಗದಲ್ಲಿ ತಮ್ಮನನ್ನು ಕೂರಿಸಿದರು. ಛತ್ರ ಬುಕ್ಕಾಗಿತ್ತು, ವರ ಬದಲಾದ, ಅಷ್ಟೇ.

ಈಗ ಎಣ್ಣೆಯ ವಿಚಾರ. ಇಡೀ ಸಮಾರಂಭದಲ್ಲಿ ಅತಿ ಪವಿತ್ರವಾದದ್ದು ಅದಂತೆ. ಜೆರುಸಲೇಮಿನ ಆಲಿವ್ ಗುಡ್ಡದ ಕಾಯಿ ಅರೆದು, ಅಲ್ಲಿನ ಇಗರ್ಜಿಯಲ್ಲಿ ಮಂತ್ರಿಸಿ ತಂದರು. ಪರಿಮಳಕ್ಕೆ ಎಳ್ಳು, ಗುಲಾಬಿ, ಮಲ್ಲಿಗೆ, ದಾಲ್ಚಿನ್ನಿ. ಲವಂಗ, ಏಲಕ್ಕಿ ಸೇರಿದ್ದರೆ ಪಲಾವಿಗೂ ಆಗುತ್ತಿತ್ತು. ಹಿಂದೆಲ್ಲ ಇದಕ್ಕೆ ಪುನುಗು ಬೆಕ್ಕಿನ ಪುನುಗು, ತಿಮಿಂಗಿಲದ ಅಂಬರ್‌ಗ್ರೀಸ್ ಹಾಕುತ್ತಿದ್ದರು. ಅಂಬರ್‌ಗ್ರೀಸ್ ಅಂದರೆ ನಮ್ಮ ಪತ್ರಿಕೆಗಳು ‘ತಿಮಿಂಗಿಲದ ವಾಂತಿ’ ಎಂದು ಬರೆಯುತ್ತವಲ್ಲ, ಮಾರಲು ಹೋದವರನ್ನು ಪೊಲೀಸರು ಹಿಡಿದು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸುತ್ತಾರಲ್ಲ, ಅದೇ ಪದಾರ್ಥ. ನಮ್ಮಲ್ಲಿ ಜಾಮೀನು ಸಿಗುವುದು ಕಷ್ಟ, ಅಲ್ಲಿ ಕಿರೀಟವೇ ಸಿಗುತ್ತಿತ್ತು. ಚಾರ್ಲ್ಸ್ ರಾಯರು ಪ್ರಾಣಿದಯೆಯುಳ್ಳವರು, ಅದನ್ನೆಲ್ಲ ಬಿಡಿಸಿ ಎಣ್ಣೆಯನ್ನು ಶುದ್ಧ ಸಸ್ಯಾಹಾರಿ ಮಾಡಿಸಿದರು. ಬಲು ಸಂತೋಷ. ಆದರೆ ಪ್ರಜೆಗಳು ಅವತ್ತು ಮಾಡಿ ತಿನ್ನಲಿ ಎಂದು ಅರಮನೆ ಹೊರಡಿಸಿದ ಕೀಶ್ ತಿಂಡಿಯ ಹಿಟ್ಟಿಗೆ 25 ಗ್ರಾಂ ಹಂದಿ ಕೊಬ್ಬು ಸೇರಿಸಲು ಹೇಳಿತ್ತು. ತಲೆಗೆ ಹಚ್ಚುವುದು ಮಡಿ, ಹೊಟ್ಟೆಗೆ ಹಾಕುವುದು ಮೈಲಿಗೆ.

ಎಣ್ಣೆ ಹಚ್ಚುವಾಗ ಸುತ್ತ ಪರದೆ. ದೇವರಿಗೂ ರಾಜನಿಗೂ ನಡುವಿನ ವಿಷಯ, ಕ್ಯಾಮೆರಾ ನೋಡಕೂಡದು. ನಮ್ಮ ದೇವಸ್ಥಾನಗಳಲ್ಲಿ ನೈವೇದ್ಯಕ್ಕೆ ಪರದೆ ಎಳೆಯುತ್ತಾರೆ, ಅದು ದೇವರು ಊಟ ಮಾಡಲಿ ಎಂದು. ಇಲ್ಲಿ ಎಪ್ಪತ್ತನಾಲ್ಕು ವರ್ಷದ ಯಜಮಾನರೊಬ್ಬರು ಕೋಟು ಕಳಚಿ ಬರೀ ಅಂಗಿಯಲ್ಲಿ ಕೂತಿದ್ದರು.

ಎಣ್ಣೆ ಸುರಿಯುವ ಚಮಚ ಮಾತ್ರ ನಿಜಕ್ಕೂ ಹಳೆಯದು, ಹನ್ನೆರಡನೇ ಶತಮಾನದ್ದು. 1649ರಲ್ಲಿ ಒಂದನೇ ಚಾರ್ಲ್ಸನ ತಲೆ ತೆಗೆದ ಮೇಲೆ ಕಿರೀಟಗಳನ್ನೆಲ್ಲ ಕರಗಿಸಿದರು. ಚಮಚವನ್ನು ಅರಮನೆಯ ನೌಕರನೊಬ್ಬ 16 ಶಿಲಿಂಗ್ ಕೊಟ್ಟು ಕೊಂಡುಕೊಂಡು, ಮುಂದೆ ಎರಡನೇ ಚಾರ್ಲ್ಸ್ ಬಂದಾಗ ಜಾಣತನದಿಂದ ವಾಪಸು ಕೊಟ್ಟ. ಟಿವಿಯವರು ‘ಸಾವಿರ ವರ್ಷದ ಪರಂಪರೆ’ ಎಂದು ಗಂಟಲು ಹರಿದುಕೊಂಡ ಎರಡು ಕೆಜಿ ಚಿಲ್ಲರೆಯ ಸೇಂಟ್ ಎಡ್ವರ್ಡ್ ಕಿರೀಟ 1661ರ ಹೊಸ ಮಾಲು. ಹೆಸರು ಅಜ್ಜನದು, ಚಿನ್ನ ಮೊಮ್ಮಗನದು.

ಉಳಿದ ಯುರೋಪು ಈ ಉಸಾಬರಿ ಬಿಟ್ಟು ಕಾಲವಾಯಿತು. ನಾರ್ವೆ 1908ರಲ್ಲೇ ಸಂವಿಧಾನದಿಂದ ಪಟ್ಟಾಭಿಷೇಕ ತೆಗೆದುಹಾಕಿತು. ಸ್ವೀಡನ್ನಿನಲ್ಲಿ ಕೊನೆಯದು ನಡೆದದ್ದು 1873ರಲ್ಲಿ. ನೆದರ್ಲೆಂಡಿನಲ್ಲಿ ಕಿರೀಟ ಮೇಜಿನ ಮೇಲಿರುತ್ತದೆ, ತಲೆಗೆ ಹತ್ತುವುದಿಲ್ಲ. ಡೆನ್ಮಾರ್ಕಿನವರು 2024ರ ಜನವರಿಯಲ್ಲಿ ಹೊಸ ರಾಜನನ್ನು ಬಾಲ್ಕನಿಗೆ ಕರೆತಂದರು, ಪ್ರಧಾನಿ ಘೋಷಿಸಿದರು, ರಾಜ ಕೈ ಬೀಸಿದ, ಜನ ಮನೆಗೆ ಹೋದರು. ಅಂಥ ದೇಶದ ಟಿವಿ ಆ್ಯಂಕರುಗಳ ಹೊಟ್ಟೆಪಾಡು ಏನು ಎಂದು ಯಾರೂ ಯೋಚಿಸುವುದಿಲ್ಲ.

ಅಂದಹಾಗೆ ಚಾರ್ಲ್ಸ್ ರಾಯರಿಗೆ ಪಟ್ಟ ಕಟ್ಟಿದ ಆ ಶನಿವಾರ ನಮಗೂ ಬಿಡುವಿರಲಿಲ್ಲ. ವಿಧಾನಸಭೆ ಚುನಾವಣೆಗೆ ನಾಲ್ಕೇ ದಿನ ಬಾಕಿ. ಬೆಂಗಳೂರಿನಲ್ಲಿ ಬೆಳಗ್ಗೆ 26 ಕಿಲೋಮೀಟರ್ ರೋಡ್‌ಶೋ, ಮಧ್ಯಾಹ್ನ ಲಂಡನ್ನಿನಿಂದ ನೇರಪ್ರಸಾರ. ರಾಯರ ಮೆರವಣಿಗೆ ಎರಡು ಕಿಲೋಮೀಟರ್ ಚಿಲ್ಲರೆ, ಅದೂ ಹೋಗುವಾಗ ಏಸಿ ಇರುವ ಹೊಸ ಗಾಡಿಯಲ್ಲಿ. ಚಿನ್ನದ ಗಾಡಿಯಲ್ಲಿ ಕೂತರೆ ಬೆನ್ನುಮೂಳೆ ಉಳಿಯುವುದಿಲ್ಲವೆಂದು ಅವರಮ್ಮನೇ ಹೆಚ್ಚುಕಡಿಮೆ ಹೇಳಿಟ್ಟಿದ್ದರು. ಹೂವಿನ ಲೆಕ್ಕದಲ್ಲಾಗಲಿ ದೂರದ ಲೆಕ್ಕದಲ್ಲಾಗಲಿ ಅವತ್ತು ಗೆದ್ದದ್ದು ನಾವೇ.

ಈ ಎಲ್ಲ ರಾಜರ ಪೈಕಿ ನನಗೆ ತೀರಾ ಇಷ್ಟವಾದವನು ನಾಲ್ಕನೇ ಜಾರ್ಜ್. ಯುವರಾಜನಾಗಿದ್ದಾಗಲೇ ಒಬ್ಬ ವಿಧವೆಯನ್ನು ಗುಟ್ಟಾಗಿ ಮದುವೆಯಾಗಿದ್ದ. ಸಾಲ ಆರು ಲಕ್ಷ ಪೌಂಡ್ ದಾಟಿತು. ತೀರಿಸಬೇಕಾದರೆ ಸರಿಯಾದ ಮನೆತನದ ಹುಡುಗಿಯನ್ನು ಮಾಡಿಕೋ ಎಂದು ದೊಡ್ಡವರು ಹೇಳಿದರು. ನಮ್ಮಲ್ಲಿ ಮದುವೆ ಮಾಡಿ ಸಾಲಗಾರರಾಗುತ್ತಾರೆ, ಈತ ಸಾಲ ಮಾಡಿ ಮದುಮಗನಾದ. 1795ರಲ್ಲಿ ಜರ್ಮನಿಯಿಂದ ಬಂದಿಳಿದ ಕ್ಯಾರೊಲಿನ್‌ಳನ್ನು ಮೊದಲ ಸಲ ಕಂಡವನೇ ಮೂಲೆಗೆ ಹೋಗಿ, ‘ನನಗೆ ಮೈ ಸರಿಯಿಲ್ಲ, ಒಂದು ಲೋಟ ಬ್ರಾಂದಿ ತರಿಸಿ’ ಎಂದನಂತೆ. ಧಾರೆಗೂ ಕುಡಿದೇ ಬಂದ. ಮೊದಲ ರಾತ್ರಿಯ ಬಹುಭಾಗ ಬೆಂಕಿಗೂಡಿನ ಹತ್ತಿರ ಬಿದ್ದಿದ್ದ ಎಂದು ಆಕೆಯೇ ಹೇಳಿಕೊಂಡಿದ್ದಾಳೆ. ಒಂದು ಹೆಣ್ಣು ಮಗುವಾಯಿತು, ಸಂಸಾರ ಮುಗಿಯಿತು.

1821ರ ಜುಲೈ 19ರಂದು ಈತನ ಪಟ್ಟಾಭಿಷೇಕ. ಖರ್ಚು ಎರಡು ಲಕ್ಷದ ನಲವತ್ತು ಸಾವಿರ ಪೌಂಡಿನ ಆಸುಪಾಸು. ಕಿರೀಟಕ್ಕೆ ಹನ್ನೆರಡು ಸಾವಿರ ವಜ್ರ, ಎಲ್ಲ ಬಾಡಿಗೆಯವು. ಇಪ್ಪತ್ತೇಳು ಅಡಿ ಉದ್ದದ ಸೆರಗು, ಆಷಾಢದ ಬಿಸಿಲು, ತಲೆಗೆ ಸುರುಳಿ ಸುರುಳಿ ಟೋಪನ್ನು, ಒಳಗೆ ಬೆವರು. ಹೆಂಡತಿ ಬಾಗಿಲಿಗೆ ಬಂದಳು. ಬಾಗಿಲಲ್ಲಿ ಬಾಡಿಗೆಗೆ ಹಿಡಿದ ಕುಸ್ತಿಪಟುಗಳಂಥ ಮುಷ್ಟಿಕಾಳಗದವರನ್ನು ಸೇವಕರ ವೇಷ ಹಾಕಿಸಿ ನಿಲ್ಲಿಸಿದ್ದ. ಟಿಕೆಟ್ ಇದೆಯೇ ಎಂದು ಕೇಳಿದರು. ರಾಣಿಗೆ ಟಿಕೆಟ್! ಆ ಬಾಗಿಲಿಗೆ, ಈ ಬಾಗಿಲಿಗೆ ಹೋದಳು, ಮುಖಕ್ಕೆ ರಪ್ಪನೆ ಮುಚ್ಚಿದರು. ಗಂಡನ ಕಡೆಯವರ ಛತ್ರದಲ್ಲಿ ಹೆಂಡತಿಗೇ ಎಲೆ ಹಾಕದ ಈ ಮದುವೆಮನೆಯಿಂದ ವಾಪಸಾದವಳು ಮೂರು ವಾರ ತುಂಬುವ ಮೊದಲೇ, ಆಗಸ್ಟ್ 7ರಂದು ಸತ್ತಳು.

ಜನ ಆಕೆಯ ಪರವಾಗಿದ್ದರು. ಅವರಿಗೂ ಟಿಕೆಟ್ ಇರಲಿಲ್ಲ.

ವಿಕ್ಟೋರಿಯಮ್ಮನ 1838ರ ಪಟ್ಟಾಭಿಷೇಕ ಪಾಪ ತೀರಾ ಮನೆಯವರದ್ದೇ ಸಮಾರಂಭದಂತಿತ್ತು. ಆರ್ಚ್‌ಬಿಷಪ್ಪರು ಕಿರುಬೆರಳಿನ ಉಂಗುರವನ್ನು ಪಕ್ಕದ ಬೆರಳಿಗೆ ಒತ್ತಿ ತುರುಕಿದರು, ಬಿಚ್ಚಲು ಮಂಜುನೀರಿನಲ್ಲಿ ಕೈ ನೆನೆಸಬೇಕಾಯಿತು. ಲಾರ್ಡ್ ರೋಲ್ ಎಂಬ ಎಂಬತ್ತು ದಾಟಿದ ಮುದುಕರು ಮೆಟ್ಟಿಲಿನಿಂದ ಉರುಳಿದರು. ಒಬ್ಬ ಬಿಷಪ್ ಒಟ್ಟಿಗೆ ಎರಡು ಹಾಳೆ ಮಗುಚಿದ. ಒಳಗುಡಿಯ ಪೀಠದ ಮೇಲೆ ಸ್ಯಾಂಡ್‌ವಿಚ್ಚು, ವೈನ್ ಬಾಟಲಿ. ಇಷ್ಟು ಎಡವಟ್ಟಾದರೂ ಅರವತ್ತಮೂರು ವರ್ಷ ಆಳಿದಳು. ಮುಹೂರ್ತ, ಶಾಸ್ತ್ರ ಎಂದು ತಲೆ ತಿನ್ನುವವರು ಗಮನಿಸಬೇಕು.

ಆಕೆಯ ಮಗ ಏಳನೇ ಎಡ್ವರ್ಡನಿಗೆ 1902ರ ಜೂನ್ 26ಕ್ಕೆ ದಿನ ಇಟ್ಟಿದ್ದರು. ಎರಡು ದಿನ ಮುಂಚೆ ಅಪೆಂಡಿಕ್ಸ್ ಆಪರೇಶನ್ ಆಗಿ ಎಲ್ಲ ಆಗಸ್ಟ್ 9ಕ್ಕೆ ಹೋಯಿತು. ಔತಣಕ್ಕೆ ಬೇಯಿಸಿದ್ದು ಪೂರ್ವ ಲಂಡನ್ನಿನ ಬಡವರ ಪಾಲಾಯಿತು. ಒಬ್ಬ ರಾಜನ ಕರುಳು ಕೆಟ್ಟರೆ ಒಂದು ಊರಿನ ಹೊಟ್ಟೆ ತುಂಬುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ? ಆ ಪಟ್ಟಾಭಿಷೇಕಕ್ಕೆ ಹೋಗಿದ್ದ ಜೈಪುರದ ಮಹಾರಾಜ ಮಾಧೋಸಿಂಗರು ಮಡಿ ಕೆಡಬಾರದೆಂದು ಆಳೆತ್ತರದ ಬೆಳ್ಳಿ ಹಂಡೆಗಳಲ್ಲಿ ಗಂಗಾಜಲ ತುಂಬಿಸಿ ಹಡಗಿನಲ್ಲಿ ಒಯ್ದಿದ್ದರು. ಒಂದೊಂದು ಹಂಡೆಯೇ 345 ಕೆಜಿ ಬೆಳ್ಳಿ. ಅವರ ರಾಜನ ಕರುಳಿಗಾಗಿ ನಮ್ಮ ರಾಜರು ಆರು ವಾರ ಹೆಚ್ಚುವರಿ ನೀರು ಕುಡಿಯಬೇಕಾಯಿತು.

ಮದುವೆಗಳದ್ದು ಇನ್ನೊಂದು ಪುರಾಣ. 1981ರಲ್ಲಿ ಇದೇ ಚಾರ್ಲ್ಸ್ ರಾಯರಿಗೂ ಡಯಾನಾಗೂ ಮದುವೆಯಾಯಿತಲ್ಲ, ಅದರ ಕೇಕಿನ ಒಂದು ತುಂಡು 2021ರ ಆಗಸ್ಟಿನಲ್ಲಿ ಹರಾಜಿನಲ್ಲಿ 1,850 ಪೌಂಡಿಗೆ ಹೋಯಿತು. ನಲವತ್ತು ವರ್ಷದ ಕೇಕು! ಮದುವೆ ಹದಿನೈದು ವರ್ಷಕ್ಕೆ ಮುರಿದುಬಿತ್ತು, ಸಕ್ಕರೆಪಾಕ ಗಟ್ಟಿ ಉಳಿಯಿತು. ನಮ್ಮ ಮನೆಯಲ್ಲಿ ಯಾರದೋ ನಾಮಕರಣದ ಮೈಸೂರುಪಾಕು ಒಂದು ಡಬ್ಬಿಯಲ್ಲಿದೆ, ಗಟ್ಟಿತನದಲ್ಲಿ ಯಾವ ರಾಜಮನೆತನಕ್ಕೂ ಕಡಿಮೆಯಿಲ್ಲ. ಗಿರಾಕಿಗಳು ವಿಚಾರಿಸಬಹುದು.

ಇಷ್ಟು ಹೊತ್ತು ನಗುತ್ತಿದ್ದೆ. ಇನ್ನೊಂದು ಲೋಟದ ಕತೆಗೆ ಬಂದರೆ ನಗು ಬರುವುದಿಲ್ಲ.

1896ರ ಮೇ. ಮಾಸ್ಕೋದಲ್ಲಿ ಎರಡನೇ ನಿಕೊಲಸನ ಪಟ್ಟಾಭಿಷೇಕವಾಗಿತ್ತು. ಖೊದಿಂಕಾ ಬಯಲಿನಲ್ಲಿ ಪ್ರಜೆಗಳಿಗೆ ಉಡುಗೊರೆ ಹಂಚುತ್ತೇವೆಂದು ಸಾರಿದರು. ಏನು ಉಡುಗೊರೆ? ಒಂದು ಎನಾಮಲ್ ಲೋಟ, ಒಂದು ಬನ್ನು, ಒಂದಷ್ಟು ಸಾಸೇಜು, ಮಿಠಾಯಿ. ಅದಕ್ಕಾಗಿ ಹಿಂದಿನ ರಾತ್ರಿಯಿಂದಲೇ ಲಕ್ಷಗಟ್ಟಲೆ ಜನ ಬಂದು ನಿಂತರು. ಬಯಲಿನ ತುಂಬ ಗುಂಡಿ, ಹಳ್ಳ. ಮುಚ್ಚಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಸಾಲುವಷ್ಟು ಪೊಲೀಸರಿರಲಿಲ್ಲ. ಲೋಟ ಎಲ್ಲರಿಗೂ ಸಿಗುವುದಿಲ್ಲವಂತೆ ಎಂಬ ಗುಲ್ಲೆದ್ದಿತು. ಸತ್ತವರು ಸರ್ಕಾರಿ ಲೆಕ್ಕದಲ್ಲೇ 1,389. ಹೆಣಗಳನ್ನು ಗಾಡಿಗಳಲ್ಲಿ ತುಂಬಿ ಸಾಗಿಸಿದರು, ಕಾರ್ಯಕ್ರಮ ನಡೆಯಿತು. ಅವತ್ತು ರಾತ್ರಿ ಫ್ರೆಂಚ್ ರಾಯಭಾರಿಯ ಮನೆಯಲ್ಲಿ ನೃತ್ಯಕೂಟ. ರಾಜ ಹೋದ. ಕುಣಿದ. ಹೋಗದಿದ್ದರೆ ಫ್ರಾನ್ಸಿಗೆ ಬೇಜಾರಾಗುತ್ತದೆ ಎಂದು ಹಿರಿಯರು ಹೇಳಿದ್ದರು. 1770ರಲ್ಲಿ ಪ್ಯಾರಿಸಿನಲ್ಲೂ ಹೀಗೇ. ಮರೀ ಆಂತ್ವಾನೆತ್ ಮದುವೆಯ ಪಟಾಕಿ ನೋಡಲು ಬಂದವರಲ್ಲಿ 132 ಮಂದಿ ನೂಕುನುಗ್ಗಲಿನಲ್ಲಿ ಸತ್ತರು.

ಪ್ರತಿ ಸಲವೂ ಅದೇ. ಜನ ಬರುತ್ತಾರೆಂದು ಗೊತ್ತಿರುತ್ತದೆ, ಕರೆದವರೇ ಇವರು, ಬಂದ ಮೇಲೆ ‘ಇಷ್ಟು ಜನ ಬರುತ್ತಾರೆಂದು ಗೊತ್ತಿರಲಿಲ್ಲ’ ಎನ್ನುತ್ತಾರೆ. ಹೊರಗೆ ಹೆಣ ಬಿದ್ದಿರುವಾಗ ಒಳಗೆ ಸಮಾರಂಭ ನಿಲ್ಲುವುದಿಲ್ಲ. 2025ರ ಜೂನಿನ ಸಂಜೆಯೊಂದನ್ನು ಕಂಡ ಬೆಂಗಳೂರಿನವರಿಗೆ ನಾನೇನು ಹೇಳಲಿ. ರಾಜರು ಹೋದರೂ ಆ ಮಾತು ಹೋಗಲಿಲ್ಲ.

ಚಾರ್ಲ್ಸ್ ರಾಯರ ಪೊಲೀಸರು ಈ ವಿಷಯದಲ್ಲಿ ಬಲು ಮುಂಜಾಗ್ರತೆಯವರು. ರಾಜಪ್ರಭುತ್ವ ಬೇಡ ಎನ್ನುವವರು ಫಲಕಗಳನ್ನು ಕಟ್ಟಲು ತಂದಿದ್ದ ಪಟ್ಟಿಗಳನ್ನು ನೋಡಿ ಬೆಳ್ಳಂಬೆಳಗ್ಗೆಯೇ ಅವರನ್ನು ಎತ್ತಿ ಒಳಗೆ ಹಾಕಿದರು. ರಾತ್ರಿ ಒಂಟಿ ಹೆಂಗಸರಿಗೆ ಆತ್ಮರಕ್ಷಣೆಗೆಂದು ಅಲಾರಂ ಹಂಚುವ ಸ್ವಯಂಸೇವಕರನ್ನೂ ಬಿಡಲಿಲ್ಲ. ಅಲಾರಂ ಸದ್ದಿಗೆ ಕುದುರೆಗಳು ಬೆದರಿಯಾವಂತೆ. ಅದೇ ಹೊತ್ತಿಗೆ ಉಳಿದ ಪ್ರಜೆಗಳೆಲ್ಲ ಟಿವಿ ಮುಂದೆ ಕೂತಲ್ಲಿಂದಲೇ ಗಟ್ಟಿಯಾಗಿ ರಾಜನಿಷ್ಠೆಯ ಪ್ರಮಾಣ ಮಾಡಬಹುದೆಂದು ಆಹ್ವಾನ ಹೋಗಿತ್ತು.

ನಮ್ಮ ಬಿಲ್ಲಿನ ವಿಷಯ ಮರೆತೇಬಿಟ್ಟಿದ್ದೆ. 1911ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಐದನೇ ಜಾರ್ಜನ ದರ್ಬಾರು. ಮಾಮೂಲಿ ಕಿರೀಟ ಬ್ರಿಟನ್ ಬಿಟ್ಟು ಹೊರಗೆ ಬರುವಂತಿಲ್ಲ ಎಂಬ ನಿಯಮ. ಹಾಗಾಗಿ ಆರು ಸಾವಿರಕ್ಕೂ ಮೇಲ್ಪಟ್ಟು ವಜ್ರದ ಹೊಸ ಕಿರೀಟ ಮಾಡಿಸಿದರು. 60,000 ಪೌಂಡ್, ಆಗಿನ ಒಂಬತ್ತು ಲಕ್ಷ ರೂಪಾಯಿ. ಬಿಲ್ಲು ಭಾರತದ ಹೆಸರಿಗೆ. ರಾಯರು ಅದನ್ನು ಒಂದೇ ಸಲ, ಮೂರೂವರೆ ಗಂಟೆ ಹಾಕಿಕೊಂಡು, ಭಾರಕ್ಕೆ ತಲೆ ನೋಯಿತು ಎಂದು ಡೈರಿಯಲ್ಲಿ ಬರೆದಿಟ್ಟರು. ಕಿರೀಟ ಅವರ ಜೊತೆಯೇ ಹಡಗು ಹತ್ತಿತು. ಆಮೇಲೆ ಯಾವ ತಲೆಯೂ ಅದನ್ನು ಕಂಡಿಲ್ಲ.

ರೆಡಿಂಗಿನಲ್ಲಿರುವ ನನ್ನ ಭಾವಮೈದುನ ಹೋದ ಬೇಸಿಗೆಯಲ್ಲಿ ಹೆಂಡತಿ ಮಕ್ಕಳ ಜೊತೆ ಲಂಡನ್ ಟವರಿಗೆ ಹೋಗಿ ಅದನ್ನು ನೋಡಿಕೊಂಡು ಬಂದ. ನಮ್ಮ ದುಡ್ಡಿನದಲ್ಲವೇನೋ, ಒಂದು ಫೋಟೊ ಕಳಿಸು ಎಂದೆ.

‘ಫೋಟೊ ತೆಗೆಯೋ ಹಾಗಿಲ್ಲ ಭಾವ’ ಎಂದ.

ಟಿಕೆಟ್ ಎಷ್ಟಾಯಿತು ಎಂದು ಕೇಳಿದೆ. ನಾಲ್ಕು ಜನಕ್ಕೆ ಸೇರಿ ನೂರು ಪೌಂಡ್ ದಾಟಿತಂತೆ.